ವಿಹಾರ ವಾಹನಗಳ ನಿರ್ವಹಣೆ ಮತ್ತು ದೋಷಪತ್ತೆ

ವಿಹಾರ ವಾಹನವೆಂದರೆ ಮಲಗುವ ಸ್ಥಳ, ಅಡುಗೆಯ ಕಟ್ಟೆ, ನೀರಿನ ಸಂಗ್ರಹ ಮತ್ತು ಬಹುಮಟ್ಟಿಗೆ ಶೌಚಾಲಯವನ್ನೂ ಒಳಗೊಂಡು ರಸ್ತೆಯ ಮೇಲೆ ಸಂಚರಿಸುವ ವಾಸದ ವಾಹನ. ಉತ್ತರ ಅಮೆರಿಕದಲ್ಲಿ ಇದರ ಎಲ್ಲ ಬಗೆಗಳಿಗೂ ಆರ್‌ವಿ ಎಂಬ ಒಂದೇ ಹೆಸರಿದೆ. ಬ್ರಿಟನ್ನಿನಲ್ಲಿ ಸ್ವಂತ ಎಂಜಿನ್ ಉಳ್ಳದ್ದು ಮೋಟರ್‌ಹೋಮ್, ಕಾರಿನ ಹಿಂದೆ ಎಳೆದೊಯ್ಯುವಂಥದ್ದು ಕ್ಯಾರವಾನ್. ಕನ್ನಡಿಗರಿಗೆ ಕ್ಯಾರವಾನ್ ಎಂಬ ಪದ ಹೆಚ್ಚಾಗಿ ಪರಿಚಿತವಾದುದು ಚಲನಚಿತ್ರದ ಚಿತ್ರೀಕರಣದ ಸ್ಥಳದಲ್ಲಿ ನಟನಟಿಯರ ವಿಶ್ರಾಂತಿಗೆಂದು ನಿಲ್ಲಿಸುವ ವಾಹನದಿಂದ. ಈ ಲೇಖನವು ಮುಖ್ಯವಾಗಿ ಅಮೆರಿಕ ಮತ್ತು ಕೆನಡಾಗಳಲ್ಲಿ ಬಳಕೆಯಲ್ಲಿರುವ ವಾಹನಗಳ ಪಾಲನೆಯನ್ನೂ ಅವುಗಳಲ್ಲಿ ಕಾಣಿಸಿಕೊಳ್ಳುವ ಸಾಮಾನ್ಯ ದೋಷಗಳನ್ನೂ ಕುರಿತದ್ದು.

ನೆಲದ ಮೇಲೆ ನಿಂತ ಮನೆಯ ಗೋಡೆ ಅಲುಗುವುದಿಲ್ಲ. ವಿಹಾರ ವಾಹನದ ಗೋಡೆ ಪ್ರತಿ ಮೈಲಿಗೂ ಅಲುಗುತ್ತದೆ. ಮನೆಗೆ ವಿದ್ಯುತ್ತು, ನೀರು ಮತ್ತು ಚರಂಡಿ ಹೊರಗಿನಿಂದ ಒದಗಿದರೆ ಇಲ್ಲಿ ಇವೆಲ್ಲವೂ ಕೆಲವು ಮೀಟರುಗಳ ಪೆಟ್ಟಿಗೆಯೊಳಗೆ ಒಂದರ ಮೇಲೊಂದು ಅವಲಂಬಿಸಿಕೊಂಡಿರುತ್ತವೆ. ಆದ್ದರಿಂದ ಕೆಟ್ಟಂತೆ ಕಾಣುವ ಉಪಕರಣದಲ್ಲಿಯೇ ದೋಷವಿರಬೇಕೆಂದಿಲ್ಲ. ಕೊಠಡಿಯನ್ನು ಬೆಚ್ಚಗಾಗಿಸುವ ಫರ್ನೇಸ್ ಹೊತ್ತದಿರುವುದಕ್ಕೆ ಬ್ಯಾಟರಿ ಕಾರಣವಾಗಿರಬಹುದು. ಹಾಸಿಗೆಯ ಬಳಿ ಕಂಡ ತೇವಕ್ಕೆ ಛಾವಣಿಯ ಮತ್ತೊಂದು ತುದಿಯ ಬಿರುಕು ಕಾರಣವಾಗಿರಬಹುದು. ಹೀಗೆ ಮೂಲವನ್ನು ಹುಡುಕದೆ ಬಿಡಿಭಾಗಗಳನ್ನು ಬದಲಿಸುತ್ತ ಹೋಗುವುದು ಮಾಲೀಕರ ಹಣವನ್ನು ಅತಿ ಹೆಚ್ಚು ವ್ಯರ್ಥಗೊಳಿಸುವ ಅಭ್ಯಾಸ.

ಹಿನ್ನೆಲೆ

ವಿಹಾರಕ್ಕೆಂದೇ ನಿರ್ಮಿಸಿದ ವಾಸದ ವಾಹನಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಹೇಳಲಾಗುವುದು 'ವಾಂಡರರ್' ಎಂಬ ಕುದುರೆಗಾಡಿ. ಸ್ಕಾಟ್ಲೆಂಡಿನ ನೌಕಾಪಡೆಯ ವೈದ್ಯನೂ ಬಾಲಕರಿಗಾಗಿ ಸಾಹಸ ಕಥೆಗಳನ್ನು ಬರೆದವನೂ ಆದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಅದರಲ್ಲಿ ಬ್ರಿಟನ್ನನ್ನು ಸುತ್ತಿದನು. ಆ ದೇಶದ ಕ್ಯಾರವಾನ್ ಕ್ಲಬ್ 1907ರಲ್ಲಿ ಸ್ಥಾಪನೆಗೊಂಡಿತು. ಅಮೆರಿಕದಲ್ಲಿ ಈ ಉದ್ಯಮದ ಕೇಂದ್ರ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ನಗರ. ಅಲ್ಲಿ ಚಳಿಗಾಲ ಬಂದೊಡನೆ ಉತ್ತರದ ರಾಜ್ಯಗಳಿಂದ ಅರಿಜೋನಾ, ಫ್ಲಾರಿಡಾ ಮುಂತಾದ ಬೆಚ್ಚನೆಯ ರಾಜ್ಯಗಳಿಗೆ ತೆರಳುವ ನಿವೃತ್ತರ ದೊಡ್ಡ ಸಮುದಾಯವೇ ಇದೆ. ಕೆಲವರಿಗೆ ಇದು ರಜೆಯ ಸಾಧನ, ಮತ್ತೆ ಕೆಲವರಿಗೆ ಇರುವ ಒಂದೇ ಮನೆ. ಎರಡನೆಯವರ ವಾಹನ ದುರಸ್ತಿಗೆಂದು ವಾರಗಟ್ಟಲೆ ಕಾರ್ಯಾಗಾರದಲ್ಲಿ ನಿಂತರೆ ಅವರು ತಲೆಯ ಮೇಲಿನ ಸೂರನ್ನೇ ಕಳೆದುಕೊಂಡಂತಾಗುತ್ತದೆ.

ದುರಸ್ತಿಗೆ ಕೈಹಾಕಬಾರದ ಸಂದರ್ಭಗಳು

ಮೂರು ಲಕ್ಷಣಗಳು ಕಂಡಾಗ ಕಾರಣವನ್ನು ಹುಡುಕುತ್ತ ಒಳಗೆ ನಿಲ್ಲಬಾರದು.

ಮೊದಲನೆಯದು ಅನಿಲದ ವಾಸನೆ. ಅಡುಗೆಗೂ ಬೆಚ್ಚಗಾಗಿಸುವುದಕ್ಕೂ ಬಳಸುವ ಪ್ರೊಪೇನ್ ಸ್ವತಃ ವಾಸನೆಯಿಲ್ಲದ ಅನಿಲ. ಸೋರಿಕೆ ತಿಳಿಯಲೆಂದು ಅದಕ್ಕೆ ದುರ್ವಾಸನೆಯ ರಾಸಾಯನಿಕವನ್ನು ಬೆರೆಸಿರುತ್ತಾರೆ. ಅದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದುದರಿಂದ ನೆಲದ ಮಟ್ಟದಲ್ಲಿ ಸಂಗ್ರಹಗೊಳ್ಳುತ್ತದೆ. ಅನಿಲದ ಎಚ್ಚರಿಕೆ ಗಂಟೆಯನ್ನು ನೆಲದ ಸಮೀಪ ಅಳವಡಿಸಿರುವುದು ಇದೇ ಕಾರಣಕ್ಕೆ. ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಹಾಕುವುದಾಗಲಿ ಆರಿಸುವುದಾಗಲಿ ಕೂಡದು. ಎಲ್ಲರೂ ಹೊರಬಂದು, ಹೊರಗಿರುವ ಸಿಲಿಂಡರಿನ ವಾಲ್ವನ್ನು ಮುಚ್ಚಿ, ಬಾಗಿಲನ್ನು ತೆರೆದಿಟ್ಟು, ದೂರ ಹೋಗಿ ಸಹಾಯಕ್ಕೆ ಕರೆ ಮಾಡಬೇಕು.

ಎರಡನೆಯದು ಕಾರ್ಬನ್ ಮಾನಾಕ್ಸೈಡ್ ಗಂಟೆಯ ಸದ್ದು. ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲ ನಿದ್ರೆಯಲ್ಲಿರುವವರನ್ನು ಎಚ್ಚರಗೊಳಿಸದೆಯೇ ಕೊಲ್ಲಬಲ್ಲದು. ಜನರೇಟರಿನ ಹೊಗೆ, ಬಿರುಕು ಬಿಟ್ಟ ಫರ್ನೇಸ್, ಚಳಿಗೆಂದು ಹಚ್ಚಿಟ್ಟ ಅಡುಗೆಯ ಒಲೆ ಇವು ಅದರ ಸಾಮಾನ್ಯ ಮೂಲಗಳು. ಪಕ್ಕದಲ್ಲಿ ನಿಂತ ಇನ್ನೊಬ್ಬರ ವಾಹನದ ಜನರೇಟರಿನಿಂದಲೂ ಕಿಟಕಿಯ ಮೂಲಕ ಹೊಗೆ ಒಳಬರಬಹುದು. ನಾಲ್ಕು ಸಲ ಕೂಗಿ, ಸ್ವಲ್ಪ ನಿಂತು, ಮತ್ತೆ ನಾಲ್ಕು ಸಲ ಕೂಗಿದರೆ ಅದು ವಿಷಾನಿಲದ ಸೂಚನೆ. ನಿಮಿಷಕ್ಕೊಮ್ಮೆ ಒಂದೇ ಸಲ ಚಿಲಿಪಿಲಿಗುಟ್ಟಿದರೆ ಬ್ಯಾಟರಿ ಕ್ಷೀಣಿಸಿದೆ ಅಥವಾ ಉಪಕರಣದ ಆಯುಸ್ಸು ಮುಗಿದಿದೆ ಎಂದರ್ಥ. ಈ ಎರಡನೆಯ ಸದ್ದಿನ ಕಾಟ ತಾಳಲಾರದೆ ಗಂಟೆಯನ್ನೇ ಕಿತ್ತು ಮೇಜಿನ ಖಾನೆಯಲ್ಲಿ ಇಟ್ಟುಬಿಡುವವರಿದ್ದಾರೆ. ಇದಕ್ಕಿಂತ ಅಪಾಯಕರವಾದ ಉಳಿತಾಯ ಬೇರೊಂದಿಲ್ಲ. ಈ ಗಂಟೆಗಳ ಸಂವೇದಕಗಳು ಸಾಮಾನ್ಯವಾಗಿ 5ರಿಂದ 7 ವರ್ಷಗಳಲ್ಲಿ ಸವೆದುಹೋಗುತ್ತವೆ. ಮುಕ್ತಾಯದ ವರ್ಷವನ್ನು ಹಿಂಬದಿಯಲ್ಲಿ ಮುದ್ರಿಸಿರುತ್ತಾರೆ.

ಮೂರನೆಯದು ವಾಹನದ ಲೋಹದ ಮೈಯನ್ನೋ ಬಾಗಿಲ ಹಿಡಿಯನ್ನೋ ಮುಟ್ಟಿದಾಗ ಆಗುವ ಜುಮ್ಮೆನ್ನುವ ಅನುಭವ. ಹೊರಗಿನ ವಿದ್ಯುತ್ ಸಂಪರ್ಕದಲ್ಲಿ ಅರ್ತಿಂಗ್ ಕಡಿದುಹೋದಾಗ ವಾಹನದ ಮೈಗೇ ವಿದ್ಯುತ್ ಹರಿಯಬಹುದು. ಒಳಗೆ ಕುಳಿತವರಿಗೆ ಏನೂ ಗೊತ್ತಾಗುವುದಿಲ್ಲ. ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲು ತೆರೆಯಲು ಬಂದ ಮಗುವಿಗೆ ಪ್ರಾಣಾಪಾಯವಾಗುತ್ತದೆ. ಜುಮ್ಮೆಂದದ್ದು ಎಷ್ಟೇ ಅಲ್ಪವಾಗಿರಲಿ, ವಾಹನವನ್ನು ಮತ್ತೆ ಮುಟ್ಟದೆ ಕಂಬದ ಬ್ರೇಕರನ್ನು ಆರಿಸಿ ಸಂಪರ್ಕವನ್ನು ತಪ್ಪಿಸಬೇಕು. ಮುಟ್ಟದೆಯೇ ವೋಲ್ಟೇಜನ್ನು ತೋರಿಸುವ ಪೆನ್ನಿನಂತಹ ಅಗ್ಗದ ಟೆಸ್ಟರುಗಳು ದೊರೆಯುತ್ತವೆ. ಹೊಸ ತಾಣದಲ್ಲಿ ಸಂಪರ್ಕ ಪಡೆದ ಮೇಲೆ ಅದನ್ನು ಒಮ್ಮೆ ವಾಹನದ ಮೈಗೆ ಹಿಡಿದು ನೋಡುವುದು ಲೇಸು.

ವಿದ್ಯುತ್ತು

ವಿಹಾರ ವಾಹನದಲ್ಲಿ ಎರಡು ಬೇರೆ ಬೇರೆ ವಿದ್ಯುತ್ ವ್ಯವಸ್ಥೆಗಳಿವೆ. ದೀಪ, ನೀರಿನ ಪಂಪು, ಫರ್ನೇಸಿನ ಫ್ಯಾನು, ಫ್ರಿಜ್‌ನ ನಿಯಂತ್ರಣ ಫಲಕ ಇವು ಬ್ಯಾಟರಿಯ 12 ವೋಲ್ಟ್ ನೇರ ಪ್ರವಾಹದಿಂದ ನಡೆಯುತ್ತವೆ. ಹವಾನಿಯಂತ್ರಕ, ಮೈಕ್ರೋವೇವ್ ಒಲೆ ಮತ್ತು ಗೋಡೆಯ ಸಾಕೆಟ್ಟುಗಳಿಗೆ ತಂಗುದಾಣದ ಕಂಬದಿಂದಲೋ ಜನರೇಟರಿನಿಂದಲೋ 120 ವೋಲ್ಟ್ ಪರ್ಯಾಯ ಪ್ರವಾಹ ಬರುತ್ತದೆ. ಎರಡರ ನಡುವೆ ಕನ್ವರ್ಟರ್ ಎಂಬ ಸಾಧನವಿದ್ದು, ಹೊರಗಿನ ವಿದ್ಯುತ್ತನ್ನು 12 ವೋಲ್ಟಿನ ವ್ಯವಸ್ಥೆಗೆ ತಕ್ಕಂತೆ ಇಳಿಸಿ ಬ್ಯಾಟರಿಯನ್ನು ತುಂಬಿಸುತ್ತದೆ. ಏನು ಕೆಟ್ಟಿದೆ ಎಂಬುದಕ್ಕಿಂತ ಮೊದಲು ಯಾವ ವ್ಯವಸ್ಥೆಗೆ ಸೇರಿದ್ದು ಕೆಟ್ಟಿದೆ ಎಂದು ಕೇಳಿಕೊಂಡರೆ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ಉಳಿದದ್ದಕ್ಕೆ ಒಂದು ಮಲ್ಟಿಮೀಟರ್ ಸಾಕು. ಕೆಲವು ಗಂಟೆಗಳಿಂದ ತುಂಬಿಸುವಿಕೆಯೂ ಬಳಕೆಯೂ ಇಲ್ಲದೆ ಇರುವ ಸೀಸ-ಆಮ್ಲದ ಬ್ಯಾಟರಿ ಪೂರ್ಣ ತುಂಬಿದ್ದರೆ ಸುಮಾರು 12.6ರಿಂದ 12.7 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಇಳಿದರೆ ಅರ್ಧ ಬರಿದಾಗಿದೆ ಎಂದರ್ಥ. ಅರ್ಧಕ್ಕಿಂತ ಕೆಳಗೆ ಪದೇ ಪದೇ ಬರಿದುಮಾಡಿದರೆ ಇಂತಹ ಬ್ಯಾಟರಿ ಬೇಗ ಸಾಯುತ್ತದೆ. ಹೊರಗಿನ ಸಂಪರ್ಕವಿರುವಾಗ ಬ್ಯಾಟರಿಯ ತುದಿಗಳಲ್ಲಿ 13 ವೋಲ್ಟಿಗಿಂತ ಹೆಚ್ಚು ಕಾಣಬೇಕು. ಕಾಣದಿದ್ದರೆ ಕನ್ವರ್ಟರನ್ನು ಬದಲಿಸುವ ಮುನ್ನ ಅದರ ಬಳಿಯಿರುವ, ತಿರುವು ಸಂಪರ್ಕದಿಂದ ರಕ್ಷಿಸುವ ಫ್ಯೂಸುಗಳನ್ನು ನೋಡಬೇಕು. ಬ್ಯಾಟರಿಯ ಧನ ಋಣ ತಂತಿಗಳನ್ನು ಕ್ಷಣಮಾತ್ರ ಅದಲುಬದಲಾಗಿ ಮುಟ್ಟಿಸಿದರೂ ಅವು ಸುಟ್ಟುಹೋಗುತ್ತವೆ. ಹೊಸ ಬ್ಯಾಟರಿ ಹಾಕಿದ ಮರುದಿನವೇ 'ಕನ್ವರ್ಟರ್ ಕೆಟ್ಟಿತು' ಎಂದು ದೂರುವವರ ವಾಹನದಲ್ಲಿ ಮೊದಲು ಶಂಕಿಸಬೇಕಾದದ್ದು ಇದನ್ನೇ.

ಬ್ಯಾಟರಿಯ ದೌರ್ಬಲ್ಯ ಅತ್ಯಂತ ವಿಚಿತ್ರವಾಗಿ ತೋರುವುದು ಫರ್ನೇಸಿನಲ್ಲಿ. ಮಧ್ಯರಾತ್ರಿಯವರೆಗೆ ಚೆನ್ನಾಗಿದ್ದುದು ನಸುಕಿನಲ್ಲಿ, ಅಂದರೆ ಚಳಿ ಅತಿಯಾಗಿರುವ ಹೊತ್ತಿನಲ್ಲಿ, ಕೇವಲ ತಣ್ಣನೆಯ ಗಾಳಿ ಬೀಸಿ ನಿಂತುಬಿಡುತ್ತದೆ. ಫರ್ನೇಸಿನೊಳಗೆ ಗಾಳಿಯ ಒತ್ತಡಕ್ಕೆ ವಾಲುವ ಸಣ್ಣ ರೆಕ್ಕೆಯುಳ್ಳ ಒಂದು ಸ್ವಿಚ್ ಇರುತ್ತದೆ. ಫ್ಯಾನು ಸಾಕಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅದು ಖಚಿತಪಡಿಸಿದ ನಂತರವೇ ಅನಿಲ ಬಿಡುಗಡೆಯಾಗಿ ಬೆಂಕಿ ಹೊತ್ತುತ್ತದೆ. ಬ್ಯಾಟರಿ ಬರಿದಾದಂತೆ ಫ್ಯಾನಿನ ವೇಗ ಕುಗ್ಗಿ, ರೆಕ್ಕೆ ವಾಲದೆ, ಬೆಂಕಿ ಹೊತ್ತುವುದಿಲ್ಲ. ಲೆಕ್ಕ ಸರಳವಾದುದು. ಫರ್ನೇಸಿನ ಫ್ಯಾನು ಸುಮಾರು 7ರಿಂದ 8 ಆಂಪಿಯರ್ ಸೆಳೆಯುತ್ತದೆ. ಹತ್ತು ಗಂಟೆಗಳ ರಾತ್ರಿಯಲ್ಲಿ ಅರ್ಧ ಹೊತ್ತು ತಿರುಗಿದರೂ 35ರಿಂದ 40 ಆಂಪಿಯರ್-ಗಂಟೆ ಖರ್ಚಾಗುತ್ತದೆ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಿಂದ ನಿಶ್ಚಿಂತೆಯಾಗಿ ತೆಗೆಯಬಹುದಾದದ್ದು 50 ಮಾತ್ರ. ದೀಪ ಮತ್ತು ಪಂಪುಗಳ ಪಾಲು ಇನ್ನೂ ಬೇರೆ. ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗಳು ಈ ತೊಂದರೆಯನ್ನು ಬಹುಪಾಲು ನಿವಾರಿಸುತ್ತವೆ. ಆದರೆ ಅವುಗಳನ್ನು 0 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ತುಂಬಿಸಿದರೆ ಶಾಶ್ವತ ಹಾನಿಯಾಗುತ್ತದೆ.

120 ವೋಲ್ಟಿನ ಕಡೆಯ ದೂರುಗಳಲ್ಲಿ ಹೆಚ್ಚಿನವು ಮಿತಿಮೀರಿದ ಬಳಕೆಯಿಂದ ಬರುವಂಥವು. 30 ಆಂಪಿಯರಿನ ಸಂಪರ್ಕ ಕೊಡುವುದು ಒಟ್ಟು 3,600 ವ್ಯಾಟ್. ಹವಾನಿಯಂತ್ರಕ, ಮೈಕ್ರೋವೇವ್ ಮತ್ತು ಕೂದಲು ಒಣಗಿಸುವ ಯಂತ್ರ ತಲಾ 1,500 ವ್ಯಾಟಿನ ಆಸುಪಾಸಿನವು. ಮೂರನ್ನೂ ಒಟ್ಟಿಗೆ ನಡೆಸಿದರೆ ಬ್ರೇಕರ್ ಬೀಳುವುದು ಸಹಜ. ಅಡುಗೆಮನೆಯ ಸಾಕೆಟ್ಟು ಸತ್ತಂತಿದ್ದು ಎಲ್ಲ ಬ್ರೇಕರುಗಳೂ ಸರಿಯಿದ್ದರೆ ಸ್ನಾನಗೃಹಕ್ಕೆ ಹೋಗಿ ನೋಡಬೇಕು. ಸೋರಿಕೆ ಪ್ರವಾಹ ಕಂಡೊಡನೆ ಕಡಿತಗೊಳಿಸುವ ಗುಂಡಿಯುಳ್ಳ ಸಾಕೆಟ್ಟು ಸಾಮಾನ್ಯವಾಗಿ ಅಲ್ಲಿರುತ್ತದೆ, ಅಡುಗೆಮನೆಯ ಮತ್ತು ಹೊರಗೋಡೆಯ ಸಾಕೆಟ್ಟುಗಳು ಅದರ ಮುಂದಿನ ಕೊಂಡಿಗಳಾಗಿರುತ್ತವೆ.

ಮನೆಯ ಅಂಗಳದಲ್ಲಿ ವಾಹನಕ್ಕೆಂದು ಹೊಸ ಸಾಕೆಟ್ಟು ಹಾಕಿಸುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ವಿಹಾರ ವಾಹನದ 30 ಆಂಪಿಯರಿನ ಸಾಕೆಟ್ಟು 120 ವೋಲ್ಟಿನದು. ಅದು ಬಟ್ಟೆ ಒಣಗಿಸುವ ಯಂತ್ರದ 240 ವೋಲ್ಟಿನ ಸಾಕೆಟ್ಟನ್ನು ಬಹಳ ಹೋಲುತ್ತದೆ. ವಾಹನಗಳ ಪರಿಚಯವಿಲ್ಲದ ಎಲೆಕ್ಟ್ರಿಷಿಯನ್ ಅಭ್ಯಾಸಬಲದಿಂದ 240 ವೋಲ್ಟಿಗೆ ಜೋಡಿಸಿಬಿಟ್ಟರೆ ಮೊದಲ ಸಂಪರ್ಕದಲ್ಲಿಯೇ ಕನ್ವರ್ಟರ್, ಮೈಕ್ರೋವೇವ್ ಮತ್ತು ಟಿ.ವಿ. ಸುಟ್ಟುಹೋಗುತ್ತವೆ. ಪ್ಲಗ್ಗನ್ನು ತೂರಿಸುವ ಮುನ್ನ ಮೀಟರಿನಿಂದ ಅಳೆಯುವುದೊಂದೇ ಇದಕ್ಕೆ ರಕ್ಷಣೆ. ಹಳೆಯ ತಂಗುದಾಣಗಳಲ್ಲಿ ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ: ಬೇಸಗೆಯ ಮಧ್ಯಾಹ್ನ ಎಲ್ಲರೂ ಹವಾನಿಯಂತ್ರಕ ಹಾಕಿದಾಗ ವೋಲ್ಟೇಜ್ ಕುಸಿದು ಮೋಟರುಗಳು ಅತಿಯಾಗಿ ಬಿಸಿಯಾಗುತ್ತವೆ.

ಅನಿಲದ ಉಪಕರಣಗಳು ಮತ್ತು ಫ್ರಿಜ್

ಸಿಲಿಂಡರ್ ತುಂಬಿದ್ದರೂ ಒಲೆಯ ಜ್ವಾಲೆ ಸಣ್ಣಗಿದ್ದು ಫರ್ನೇಸ್ ಹೊತ್ತದಿದ್ದರೆ ವಾಲ್ವನ್ನು ಹೇಗೆ ತಿರುಗಿಸಲಾಯಿತು ಎಂದು ನೆನಪಿಸಿಕೊಳ್ಳಬೇಕು. ಕೊಳವೆ ತುಂಡಾದಾಗ ಅನಿಲವನ್ನು ತಡೆಯಲೆಂದು ಅಳವಡಿಸಿದ ಸುರಕ್ಷಾ ವ್ಯವಸ್ಥೆಯು, ವಾಲ್ವನ್ನು ಒಮ್ಮೆಲೇ ತೆರೆದಾಗ ನುಗ್ಗುವ ಅನಿಲವನ್ನೂ ಸೋರಿಕೆಯೆಂದೇ ಭಾವಿಸಿ ಹರಿವನ್ನು ತಗ್ಗಿಸುತ್ತದೆ. ಎಲ್ಲ ಉಪಕರಣಗಳನ್ನೂ ಆರಿಸಿ, ವಾಲ್ವನ್ನು ಮುಚ್ಚಿ, ಸ್ವಲ್ಪ ಹೊತ್ತು ಕಾದು, ನಿಧಾನವಾಗಿ ತೆರೆದರೆ ಸರಿಹೋಗುತ್ತದೆ. ಬಹಳ ಕಾಲ ನಿಲ್ಲಿಸಿದ್ದ ವಾಹನದಲ್ಲಿ ಜ್ವಾಲೆ ಹಳದಿಯಾಗಿ ಮಸಿ ಕಟ್ಟಿದರೆ ಬರ್ನರಿನ ನಳಿಕೆಯಲ್ಲಿ ಜೇಡ ಬಲೆ ಹೆಣೆದಿರುವ ಸಾಧ್ಯತೆ ಇದೆ. ಸಿಲಿಂಡರುಗಳನ್ನು ಶೇ. 80ರಷ್ಟು ಮಾತ್ರ ತುಂಬಿಸುತ್ತಾರೆ. ಬಿಸಿಲಿಗೆ ದ್ರವ ಹಿಗ್ಗಲು ಸ್ಥಳ ಬೇಕು. ಇದನ್ನು ಅಳತೆಯ ಮೋಸವೆಂದು ತಿಳಿಯಬಾರದು.

ಈ ವಾಹನಗಳಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿರುವ ಫ್ರಿಜ್ ಮನೆಯ ಫ್ರಿಜ್ಜಿನಂಥದ್ದಲ್ಲ. ಸ್ಟಾಕ್‌ಹೋಮಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ವಿದ್ಯಾರ್ಥಿಗಳಾಗಿದ್ದ ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟೆರ್ಸ್ 1922ರಲ್ಲಿ ರೂಪಿಸಿದ ಹೀರಿಕೆಯ ತತ್ತ್ವದ ಮೇಲೆ ಅದು ನಡೆಯುತ್ತದೆ. ಅದರಲ್ಲಿ ಕಂಪ್ರೆಸರ್ ಇಲ್ಲ, ಚಲಿಸುವ ಭಾಗಗಳೂ ಇಲ್ಲ. ಅಮೋನಿಯಾ ಮತ್ತು ನೀರಿನ ದ್ರಾವಣವನ್ನು ಸಣ್ಣ ಜ್ವಾಲೆಯಿಂದ ಕಾಯಿಸುತ್ತಾರೆ. ಬೇರ್ಪಟ್ಟ ಅಮೋನಿಯಾ ತಣಿದು ದ್ರವವಾಗಿ, ಹೈಡ್ರೋಜನ್ ತುಂಬಿದ ಕೊಳವೆಯಲ್ಲಿ ಆವಿಯಾಗುತ್ತ ಸುತ್ತಲಿನ ಶಾಖವನ್ನು ಸೆಳೆದುಕೊಳ್ಳುತ್ತದೆ. ಬಳಿಕ ನೀರಿನಲ್ಲಿ ಕರಗಿ ಮತ್ತೆ ಜ್ವಾಲೆಯ ಬಳಿಗೆ ಇಳಿಯುತ್ತದೆ. ಬೆಂಕಿಯಿಂದಲೇ ತಂಪು ಹುಟ್ಟುವ ಈ ಯಂತ್ರದಲ್ಲಿ ದ್ರವವನ್ನು ಕೆಳಗಿಳಿಸುವ ಶಕ್ತಿ ಗುರುತ್ವವೊಂದೇ. ಆದ್ದರಿಂದ ವಾಹನ ಓರೆಯಾಗಿ ನಿಂತರೆ ದ್ರವ ಒಂದೆಡೆ ನಿಂತು, ಕಾಯುವ ಭಾಗ ಅತಿಯಾಗಿ ಬಿಸಿಯಾಗಿ, ಕೊನೆಗೆ ಕೊಳವೆ ಮುಚ್ಚಿಕೊಳ್ಳಬಹುದು. ಚಲಿಸುತ್ತಿರುವಾಗ ಅಲುಗಾಟದಿಂದ ಈ ತೊಂದರೆ ಬರುವುದಿಲ್ಲ. ತಂಗುವ ಸ್ಥಳದಲ್ಲಿ ನೆಲದ ಮೇಲೆ ರಸಮಟ್ಟವನ್ನಿಟ್ಟು ನೋಡಿ, ಚಕ್ರದಡಿ ಹಲಗೆ ಕೊಟ್ಟು ಸಮಮಾಡುವುದು ಒಳ್ಳೆಯ ನಿದ್ರೆಗೆ ಮಾತ್ರವಲ್ಲ, ಫ್ರಿಜ್ಜಿನ ಆಯುಸ್ಸಿಗೂ ಅಗತ್ಯ.

ಫ್ರಿಜ್ ತಂಪಾಗುತ್ತಿಲ್ಲ ಎನಿಸಿದರೆ ನೋಡಬೇಕಾದ ಕ್ರಮ ಹೀಗೆ: ಮಟ್ಟ, ಬ್ಯಾಟರಿಯ ವೋಲ್ಟೇಜ್, ಜ್ವಾಲೆ, ಹಿಂಬದಿಯ ಗಾಳಿಕಿಂಡಿ. ಕಿಂಡಿಯಲ್ಲಿ ಹಕ್ಕಿಯ ಗೂಡು ಇರುವುದು ಅಪರೂಪವಲ್ಲ. ಖಾಲಿ ಫ್ರಿಜ್ ಪೂರ್ತಿ ತಣಿಯಲು ಒಂದು ರಾತ್ರಿಯೇ ಬೇಕಾಗುವುದರಿಂದ ಪ್ರಯಾಣದ ಹಿಂದಿನ ದಿನವೇ ಚಾಲೂ ಮಾಡುವುದು ವಾಡಿಕೆ. ಅಮೋನಿಯಾದ ಘಾಟು ಅಥವಾ ಹಿಂಬದಿಯ ಕೊಳವೆಗಳ ಮೇಲೆ ಹಳದಿ ಪುಡಿ ಕಂಡರೆ ಕೊಳವೆ ಒಡೆದಿದೆ ಎಂದರ್ಥ. ಅದರೊಳಗೆ ಹೈಡ್ರೋಜನ್ ಇರುವುದರಿಂದ ತಕ್ಷಣ ಆರಿಸಬೇಕು. ಮನೆಮದ್ದಿನ ದುರಸ್ತಿ ಇದಕ್ಕಿಲ್ಲ. ಇತ್ತೀಚಿನ ಅನೇಕ ವಾಹನಗಳಲ್ಲಿ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಇರುತ್ತದೆ. ಅದಕ್ಕೆ ಮಟ್ಟದ ಗೊಡವೆ ಇಲ್ಲ, ಬ್ಯಾಟರಿಯ ಹಸಿವು ಹೆಚ್ಚು.

ನೀರು ಮತ್ತು ಮಲಿನ ನೀರು

ವಾಹನದಲ್ಲಿ ಶುದ್ಧ ನೀರು, ಬಚ್ಚಲ ನೀರು ಮತ್ತು ಶೌಚದ ನೀರಿಗೆ ಮೂರು ಟ್ಯಾಂಕುಗಳಿರುತ್ತವೆ. ಎಲ್ಲ ನಲ್ಲಿಗಳೂ ಮುಚ್ಚಿರುವಾಗ ಪಂಪು ಆಗಾಗ್ಗೆ ತಾನಾಗಿ ಒಂದೆರಡು ಸೆಕೆಂಡು ಗುರುಗುಟ್ಟಿದರೆ ಎಲ್ಲೋ ಒತ್ತಡ ಕುಸಿಯುತ್ತಿದೆ ಎಂದರ್ಥ. ಅದು ಸೋರುವ ಕೀಲಾಗಿರಬಹುದು ಅಥವಾ ಪಂಪಿನೊಳಗಿನ ಏಕಮುಖ ಕವಾಟ ಸವೆದಿರಬಹುದು. ಊರ ನಲ್ಲಿಗೆ ಜೋಡಿಸಿದಾಗ ಶುದ್ಧ ನೀರಿನ ಟ್ಯಾಂಕು ತಾನೇ ತುಂಬಿ ಉಕ್ಕಿದರೆ ಕವಾಟದ್ದೇ ದೋಷ. ಪಂಪು ತಿರುಗುತ್ತಿದ್ದರೂ ನೀರು ಬಾರದಿದ್ದರೆ ಅದರ ಬಾಯಲ್ಲಿರುವ ಜರಡಿಯ ಮುಚ್ಚಳ ಸಡಿಲವಾಗಿ ಗಾಳಿ ಎಳೆಯುತ್ತಿರಬಹುದು. ಕೆಲವು ತಂಗುದಾಣಗಳ ನಲ್ಲಿಯ ಒತ್ತಡ ವಾಹನದ ಪ್ಲಾಸ್ಟಿಕ್ ಕೊಳವೆಗಳು ತಾಳಲಾರದಷ್ಟಿರುವುದರಿಂದ ಒತ್ತಡ ನಿಯಂತ್ರಕವಿಲ್ಲದೆ ಜೋಡಿಸಬಾರದು.

ಬಿಸಿನೀರು ಉಗುರುಬೆಚ್ಚಗೆ ಬರುವ ದೂರಿಗೆ ಹೀಟರನ್ನು ಬಿಚ್ಚುವ ಮುನ್ನ ಎರಡು ಸ್ಥಳಗಳನ್ನು ನೋಡಬೇಕು. ಚಳಿಗಾಲದ ಸಿದ್ಧತೆಗೆಂದು ಹೀಟರನ್ನು ಬಳಸುದಾರಿಯಿಂದ ತಪ್ಪಿಸುವ ಕವಾಟ ಅರೆ ತೆರೆದಿರಬಹುದು. ಇಲ್ಲವೇ ಹೊರಗೋಡೆಯ ಷವರಿನ ಎರಡೂ ನಲ್ಲಿಗಳನ್ನು ತೆರೆದಿಟ್ಟು ತುದಿಯ ಗುಂಡಿಯನ್ನು ಮಾತ್ರ ಮುಚ್ಚಿರಬಹುದು. ಆಗ ಬಿಸಿನೀರೂ ತಣ್ಣೀರೂ ಅಲ್ಲಿಯೇ ಬೆರೆತುಹೋಗುತ್ತವೆ. ಹೀಟರಿನಲ್ಲಿ ನೀರು ತುಂಬಿದೆಯೆಂದು ಖಾತ್ರಿಯಾಗದೆ ವಿದ್ಯುತ್ ಸ್ವಿಚ್ಚನ್ನು ಹಾಕಿದರೆ ಒಳಗಿನ ಕಾಯಿಲ್ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ.

ಶೌಚದ ಟ್ಯಾಂಕಿನ ವಿಷಯದಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ಚರಂಡಿಗೆ ಜೋಡಿಸಿದ ಮೇಲೆ ವಾಲ್ವನ್ನು ತೆರೆದೇ ಇಡುವುದು. ದ್ರವವೆಲ್ಲ ಹರಿದುಹೋಗಿ ಘನಭಾಗ ಟ್ಯಾಂಕಿನ ತಳದಲ್ಲಿ ಗುಡ್ಡೆಯಾಗಿ ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ತೆಗೆಯುವುದು ಕಷ್ಟ. ವಾಲ್ವನ್ನು ಮುಚ್ಚಿಟ್ಟು, ಧಾರಾಳವಾಗಿ ನೀರು ಬಳಸಿ, ಮುಕ್ಕಾಲು ತುಂಬಿದ ಮೇಲೆ ಒಮ್ಮೆಲೇ ಬಿಡುವುದು ಸರಿಯಾದ ಕ್ರಮ. ಅದರ ಹಿಂದೆಯೇ ಬಚ್ಚಲ ನೀರನ್ನು ಬಿಟ್ಟರೆ ಕೊಳವೆಯೂ ತೊಳೆದುಹೋಗುತ್ತದೆ. ಟ್ಯಾಂಕು ಖಾಲಿಯಿದ್ದರೂ ಸೂಚಕ ತುಂಬಿದೆ ಎನ್ನುತ್ತಿದ್ದರೆ ಒಳಗೋಡೆಯ ಸಂವೇದಕಕ್ಕೆ ಕಾಗದ ಅಂಟಿಕೊಂಡಿದೆ. ದುರ್ವಾಸನೆಗೆ ಮಾತ್ರ ಯಾವಾಗಲೂ ಈ ಟ್ಯಾಂಕೇ ಕಾರಣವಲ್ಲ. ಬಹಳ ದಿನ ಬಳಸದ ಬಚ್ಚಲಿನ ಕೊಳವೆಯ ಬಾಗಿನಲ್ಲಿ ನಿಂತಿರಬೇಕಾದ ನೀರು ಒಣಗಿದರೂ ವಾಸನೆ ಮೇಲೇರುತ್ತದೆ. ಒಂದು ಲೋಟ ನೀರು ಸುರಿದರೆ ಸಾಕು.

ಮಳೆನೀರಿನ ಸೋರಿಕೆ

ವಿಹಾರ ವಾಹನಗಳನ್ನು ಅಕಾಲದಲ್ಲಿ ಗುಜರಿಗೆ ಸೇರಿಸುವ ದೊಡ್ಡ ಕಾರಣ ಎಂಜಿನ್ನಿನ ದೋಷವಲ್ಲ, ಛಾವಣಿಯಿಂದ ಇಳಿದ ನೀರು. ಅನೇಕ ವಾಹನಗಳ ಗೋಡೆಯೊಳಗೆ ಮರದ ಚೌಕಟ್ಟೂ ತೆಳುವಾದ ಪ್ಲೈವುಡ್ಡೂ ಇರುತ್ತವೆ. ಛಾವಣಿಯಲ್ಲಿ ಗಾಳಿಕಿಂಡಿ, ಹವಾನಿಯಂತ್ರಕ, ಕೊಳವೆ, ಆಂಟೆನಾ ಎಂದು ಕೊರೆದ ಪ್ರತಿ ರಂಧ್ರಕ್ಕೂ ಸೀಲಂಟ್ ಬಳಿದಿರುತ್ತಾರೆ. ಬಿಸಿಲಿಗೆ ಆ ಸೀಲಂಟ್ ಒಣಗಿ, ಪ್ರಯಾಣದ ಅಲುಗಾಟಕ್ಕೆ ಕೂದಲೆಳೆಯ ಬಿರುಕು ಬಿಡುತ್ತದೆ. ಒಳಗೆ ಕಲೆ ಕಾಣಿಸುವ ಹೊತ್ತಿಗೆ ಮರ ಅನೇಕ ತಿಂಗಳುಗಳಿಂದ ಕೊಳೆಯುತ್ತಿರಬಹುದು.

ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುನ್ನ ಮನೆಯ ಹೆಂಚು ಕೈಯಾಡಿಸುವಂತೆ ಈ ಛಾವಣಿಯನ್ನೂ ಕಾಲಕಾಲಕ್ಕೆ, ಕನಿಷ್ಠ ಆರು ತಿಂಗಳಿಗೊಮ್ಮೆ, ಹತ್ತಿ ನೋಡಬೇಕು. ಎಲ್ಲ ಛಾವಣಿಗಳೂ ಮನುಷ್ಯರ ಭಾರ ಹೊರಲಾರವು. ಏಣಿ ಇಲ್ಲದ ವಾಹನದ ಛಾವಣಿಯನ್ನು ಪಕ್ಕದಿಂದಲೇ ಪರೀಕ್ಷಿಸುವುದು ಮೇಲು. ರಬ್ಬರಿನ ಛಾವಣಿಗೆ ಪೆಟ್ರೋಲಿಯಂ ಬೆರೆತ ಶುಚಿಕಾರಕ ತಾಗಕೂಡದು. ಬಿರುಕಿಗೆ ಸ್ನಾನಗೃಹದ ಸಾಧಾರಣ ಸಿಲಿಕೋನ್ ಬಳಿಯುವುದು ಅಗ್ಗದ ಉಪಾಯವೆಂದು ತೋರಿದರೂ ದುಬಾರಿಯಾಗುತ್ತದೆ. ರಬ್ಬರಿಗೆ ಅದು ಸರಿಯಾಗಿ ಅಂಟುವುದಿಲ್ಲ, ಮುಂದೆ ಅದರ ಮೇಲೆ ಸರಿಯಾದ ಸೀಲಂಟ್ ಕೂಡ ಅಂಟುವುದಿಲ್ಲ. ಛಾವಣಿಯ ವಸ್ತುವಿಗೆ ಹೊಂದುವ, ತಾನೇ ಹರಡಿ ಸಮವಾಗುವ ಸೀಲಂಟನ್ನು, ಹಳೆಯದನ್ನು ಕೆರೆದು ಶುಚಿಗೊಳಿಸಿದ ಮೇಲೆ ಬಳಿಯಬೇಕು.

ನೀರು ಒಳಬಂದ ಸ್ಥಳಕ್ಕೂ ಕಲೆ ಕಂಡ ಸ್ಥಳಕ್ಕೂ ಬಹಳ ದೂರವಿರುವುದುಂಟು. ಛಾವಣಿಯ ಮುಂಭಾಗದಲ್ಲಿ ಇಳಿದ ಹನಿ ಚೌಕಟ್ಟಿನ ಅಡ್ಡಪಟ್ಟಿಯುದ್ದಕ್ಕೂ ಹರಿದು ಹಿಂಬದಿಯ ಕಪಾಟಿನಲ್ಲಿ ತೊಟ್ಟಿಕ್ಕಬಹುದು. ವಾಹನ ನಿಂತ ಓರೆಯನ್ನು ನೋಡಿದರೆ ಹರಿವಿನ ದಿಕ್ಕು ತಿಳಿಯುತ್ತದೆ. ಅಷ್ಟರಲ್ಲೂ ಸಿಗದಿದ್ದರೆ ಕಾರ್ಯಾಗಾರಗಳಲ್ಲಿ ಬಳಸುವ ವಿಧಾನವೊಂದಿದೆ. ಕಿಟಕಿ ಬಾಗಿಲುಗಳನ್ನು ಮುಚ್ಚಿ, ಛಾವಣಿಯ ಕಿಂಡಿಗೆ ಕೂರಿಸಿದ ಫ್ಯಾನಿನಿಂದ ಒಳಗಿನ ಗಾಳಿಯ ಒತ್ತಡವನ್ನು ಸ್ವಲ್ಪ ಏರಿಸುತ್ತಾರೆ. ಹೊರಗೆ ಸೋಪಿನ ನೀರು ಚಿಮುಕಿಸಿದಾಗ ಬಿರುಕಿದ್ದಲ್ಲಿ ಗುಳ್ಳೆ ಏಳುತ್ತದೆ. ಛಾವಣಿಯ ಜೊತೆಗೆ ಮೂಲೆಯ ಪಟ್ಟಿಗಳು, ಎತ್ತರದ ಸೂಚಕ ದೀಪಗಳು ಮತ್ತು ಕಿಟಕಿಯ ಕೆಳಗಿನ ನೀರು ಹೊರಹೋಗುವ ಸಣ್ಣ ತೂತುಗಳೂ ಶಂಕೆಗೆ ಪಾತ್ರವಾಗಬೇಕು. ಫೈಬರ್‌ಗ್ಲಾಸ್ ಗೋಡೆ ಉಬ್ಬಿದಂತೆ ಕಂಡರೆ ಒಳಪದರದ ಅಂಟು ಬಿಟ್ಟಿದೆ. ಇದರ ದುರಸ್ತಿ ಎಷ್ಟೋ ಸಲ ವಾಹನದ ಬೆಲೆಯನ್ನೇ ಮೀರುತ್ತದೆ. ಹಳೆಯ ವಾಹನ ಕೊಳ್ಳುವವರು ಎಂಜಿನ್ನಿನ ಸದ್ದಿಗೆ ಕಿವಿಗೊಡುವ ಮುನ್ನ ಕಪಾಟುಗಳ ಮೂಲೆಗಳನ್ನು ಬೆರಳಿನಿಂದ ಒತ್ತಿ, ಮೂಸಿ ನೋಡುವುದು ಇದಕ್ಕಾಗಿಯೇ.

ಎಲ್ಲ ತೇವವೂ ಸೋರಿಕೆಯಲ್ಲ. ಚಳಿಯ ರಾತ್ರಿ ಮಲಗಿದವರ ಉಸಿರಿನಿಂದಲೂ ಪ್ರೊಪೇನ್ ಉರಿದಾಗ ಹುಟ್ಟುವ ನೀರಾವಿಯಿಂದಲೂ ಕಿಟಕಿಯ ಗಾಜು ಮತ್ತು ಹಾಸಿಗೆಯ ತಳ ಒದ್ದೆಯಾಗುತ್ತವೆ. ಮಳೆಯಿಲ್ಲದ ದಿನವೂ ತೇವ ಕಂಡರೆ ಸೀಲಂಟ್ ಬೇಡ, ಕಿಂಡಿಯನ್ನು ತುಸು ತೆರೆದಿಡಬೇಕು.

ಟೈರು ಮತ್ತು ತೂಕ

ವಿಹಾರ ವಾಹನದ ಟೈರು ಸವೆದು ಹಾಳಾಗುವುದಕ್ಕಿಂತ ಹೆಚ್ಚಾಗಿ ಮುದಿಯಾಗಿ ಹಾಳಾಗುತ್ತದೆ. ವರ್ಷದಲ್ಲಿ ಕೆಲವೇ ವಾರ ಓಡಿ ಉಳಿದಂತೆ ಬಿಸಿಲಲ್ಲಿ ನಿಂತಿರುವುದರಿಂದ ಮೇಲಿನ ಗೀರುಗಳು ಹೊಸತರಂತಿದ್ದರೂ ಒಳಗಿನ ರಬ್ಬರ್ ಬಿರುಸಾಗಿರುತ್ತದೆ. ಅಮೆರಿಕದ ಟೈರಿನ ಪಕ್ಕದಲ್ಲಿ ಅಚ್ಚಾದ ಡಿ.ಒ.ಟಿ. ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ; 2319 ಎಂದಿದ್ದರೆ 2019ರ 23ನೆಯ ವಾರ. ಐದರಿಂದ ಏಳು ವರ್ಷಗಳಿಗೆ ಬದಲಿಸುವುದು ರೂಢಿ. ಗಾಳಿಯನ್ನು ಪ್ರಯಾಣಕ್ಕೆ ಮುನ್ನ, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಎಳೆಯುವ ಬಂಡಿಗಳ ಟೈರುಗಳಲ್ಲಿ ಅನೇಕವು ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿ.ಮೀ. ವೇಗಕ್ಕೆ ಮಾತ್ರ ರೂಪಿತವಾದವು.

ತೂಕದಲ್ಲಿ ಮರೆತುಹೋಗುವ ಬಾಬ್ತು ನೀರು. 200 ಲೀಟರಿನ ಟ್ಯಾಂಕು ತುಂಬಿದರೆ 200 ಕಿಲೋಗ್ರಾಂ ಏರುತ್ತದೆ. ಅಮೆರಿಕದ ರೂಢಿಯಂತೆ ಎಳೆಯುವ ಬಂಡಿಯ ಒಟ್ಟು ತೂಕದ ಶೇ. 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಸಾಮಾನನ್ನು ಹಿಂಬದಿಯಲ್ಲಿ ಪೇರಿಸಿ ಇದು ಕಡಿಮೆಯಾದರೆ ಬಂಡಿ ಬಾಲದಂತೆ ಅಡ್ಡಡ್ಡ ಬಳುಕತೊಡಗುತ್ತದೆ. ಆಗ ಕಾರಿನ ಬ್ರೇಕನ್ನು ಜೋರಾಗಿ ಒತ್ತುವುದೂ ವೇಗ ಹೆಚ್ಚಿಸುವುದೂ ಅನಾಹುತಕಾರಿ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಬಂಡಿಯ ಬ್ರೇಕನ್ನು ಮಾತ್ರ ಕೈಯಿಂದ ಮೃದುವಾಗಿ ಹಾಕಬೇಕು.

ಚಳಿಗಾಲದ ಸಿದ್ಧತೆ

ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಉತ್ತರದ ರಾಜ್ಯಗಳಲ್ಲಿ ಶರತ್ಕಾಲ ಮುಗಿಯುವ ಮುನ್ನ ಕೊಳವೆಗಳನ್ನೂ ಹೀಟರನ್ನೂ ಬರಿದುಮಾಡಿ, ಪ್ರೊಪಿಲೀನ್ ಗ್ಲೈಕಾಲಿನಿಂದ ತಯಾರಾದ ಗುಲಾಬಿ ಬಣ್ಣದ ದ್ರವವನ್ನು ಹರಿಸುತ್ತಾರೆ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಅದನ್ನು ಕುಡಿಯುವ ನೀರಿನ ಕೊಳವೆಗೆ ಎಂದೂ ಬಳಸಕೂಡದು. ಬರಿದಾದ ಸೀಸದ ಬ್ಯಾಟರಿಯೂ ಹೆಪ್ಪುಗಟ್ಟಿ ಒಡೆಯುವುದರಿಂದ ತುಂಬಿಸಿಯೇ ಸಂಪರ್ಕ ಬಿಚ್ಚಬೇಕು.

ಬಾಡಿಗೆ ವಾಹನಗಳು ಮತ್ತು ಭಾರತದ ಸಂದರ್ಭ

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳು ಊರಿನಿಂದ ಬಂದ ಹಿರಿಯರೊಡನೆ ರಾಷ್ಟ್ರೀಯ ಉದ್ಯಾನಗಳಿಗೆ ಹೋಗಲು ಇಂತಹ ವಾಹನವನ್ನು ಬಾಡಿಗೆಗೆ ಪಡೆಯುವುದುಂಟು. ವಾಹನವನ್ನು ವಹಿಸಿಕೊಳ್ಳುವಾಗಲೇ ಎರಡೂ ಎಚ್ಚರಿಕೆ ಗಂಟೆಗಳ ಪರೀಕ್ಷಾ ಗುಂಡಿಯನ್ನು ಒತ್ತಿ, ಫ್ರಿಜ್ ಮತ್ತು ಫರ್ನೇಸನ್ನು ಚಾಲೂ ಮಾಡಿಸಿ ನೋಡಬೇಕು. ಹವಾನಿಯಂತ್ರಕವೂ ಸೇರಿದ ಒಟ್ಟು ಎತ್ತರವನ್ನು ಚೀಟಿಯಲ್ಲಿ ಬರೆದು ಚಾಲಕನ ಕಣ್ಣೆದುರಿಗೆ ಅಂಟಿಸಿಕೊಳ್ಳುವುದು ಒಳ್ಳೆಯದು. ನ್ಯೂಯಾರ್ಕ್ ಸುತ್ತಲಿನ ಹಳೆಯ ಪಾರ್ಕ್‌ವೇಗಳ ಸೇತುವೆಗಳು ಬಹಳ ತಗ್ಗು. ಛಾವಣಿಗೆ ಆದ ಹಾನಿಯನ್ನು ವಿಮೆಯ ವ್ಯಾಪ್ತಿಯಿಂದ ಹೊರಗಿಡುವ ಬಾಡಿಗೆ ಒಪ್ಪಂದಗಳೂ ಇವೆ.

ಭಾರತದಲ್ಲಿ ಈ ಬಗೆಯ ಪ್ರವಾಸ ಇನ್ನೂ ಎಳವೆಯಲ್ಲಿದೆ. ನೆರೆಯ ಕೇರಳ 2021ರಲ್ಲಿ 'ಕೇರವಾನ್ ಕೇರಳ' ಎಂಬ ಯೋಜನೆಯನ್ನು ಆರಂಭಿಸಿತು. ಇಲ್ಲಿನ ವಿದ್ಯುತ್ತು 230 ವೋಲ್ಟಿನದಾದ್ದರಿಂದ ಅಮೆರಿಕದ ಉಪಕರಣಗಳನ್ನು ನೇರವಾಗಿ ಜೋಡಿಸುವಂತಿಲ್ಲ. ಅಡುಗೆ ಅನಿಲದಲ್ಲೂ ವ್ಯತ್ಯಾಸವಿದೆ. ಪ್ರೊಪೇನ್ ಶೂನ್ಯಕ್ಕಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ, ಭಾರತದ ಎಲ್.ಪಿ.ಜಿ.ಯಲ್ಲಿ ಬೆರೆತಿರುವ ಬ್ಯೂಟೇನ್ ಶೂನ್ಯದ ಸಮೀಪದಲ್ಲೇ ದ್ರವವಾಗಿ ಉಳಿದುಬಿಡುತ್ತದೆ. ಲಡಾಖಿನ ಚಳಿಯಲ್ಲಿ ಸಿಲಿಂಡರಿನಲ್ಲಿ ಅನಿಲವಿದ್ದರೂ ಒಲೆ ಮಂದವಾಗಿ ಉರಿಯುವುದು ಈ ಕಾರಣದಿಂದ. ಒಲೆಯನ್ನು ಬಿಚ್ಚಿ ನೋಡಿದರೆ ಅಲ್ಲಿ ದೋಷವೇನೂ ಸಿಗುವುದಿಲ್ಲ.